ಊರಲ್ಲಿ ಉದ್ದ, ಹೊರಗೆ ಗಿಡ್ಡ

1/10

ನೀನು ಕಾಲೇಜು ಬಾಸ್ಕೆಟ್‌ಬಾಲ್ ಟೀಮಲ್ಲಿ ಫಾರ್ವರ್ಡ್ ಆಗಿದ್ರೆ, ನಿನ್ನನ್ನ ಆ ಜಾಗಕ್ಕೆ ಆರಿಸಿದ್ದು ಹೇಗೆ ಅಂತ ನಂಗೊತ್ತು. ಪಿಯುಸಿಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ರು. ನಿನ್ನ ತಲೆ ಬೇರೆಯವರಿಗಿಂತ ಮೇಲೆ ಕಾಣ್ತು. "ಏ ಉದ್ದದವ್ನೇ, ನೀ ರಿಂಗ್ ಕೆಳಗೆ ನಿಲ್ಲು" ಅಂದ್ರು. ಇಂಟರ್ವ್ಯೂ ಅಲ್ಲಿಗೆ ಮುಗೀತು.

ನಂದೂ ಹಾಗೇ ಆಯ್ತು. ನನ್ನ ಎತ್ತರ 5 ಅಡಿ 11 ಇಂಚು. ಶಿರಸಿಯಲ್ಲಿ ಬಸ್ ಹತ್ತಿದ್ರೆ ನಾಲ್ಕು ಜನ ತಿರುಗಿ ನೋಡ್ತಾರೆ. ಧಾರವಾಡಕ್ಕೆ ಯೂನಿವರ್ಸಿಟಿ ಟೂರ್ನಿಗೆ ಹೋದ್ರೆ ಯಾರೂ ನೋಡಲ್ಲ. ಬೆಂಗಳೂರಿನ ಕ್ಲಬ್ ಹುಡುಗರ ಪಕ್ಕ ನಿಂತ್ರೆ "ನೀನು ಪಾಯಿಂಟ್ ಗಾರ್ಡಾ?" ಅಂತ ಕೇಳ್ತಾರೆ. ಅದೇ ಕಾಲು, ಅದೇ ತಲೆ. ನೂರು ಕಿಲೋಮೀಟರಿಗೊಮ್ಮೆ ನನ್ನ ಎತ್ತರ ಇಳೀತಾ ಹೋಗ್ತದೆ.

ಈ ಹತ್ತು ಕ್ಯಾಪ್ಶನ್ ಬರೀತಿರೋದು ಅದಕ್ಕೇ. ಊರಲ್ಲಿ ಉದ್ದ ಅನ್ನಿಸ್ಕೊಂಡ ಫಾರ್ವರ್ಡ್, ಹೊರಗೆ ಗಿಡ್ಡ ಆದ ಮೇಲೂ ಆಟದಲ್ಲಿ ಉಳಿಯೋಕೆ ಏನು ಕಲೀಬೇಕು? ನಮ್ಮ ದೇಶದಲ್ಲಿ 'ಪ್ರೊಫೆಷನಲ್' ಅಂದ್ರೆ ನಿಜವಾಗ್ಲೂ ಎಲ್ಲಿದೆ? ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೂತ್ಕೊಂಡು ಅದಕ್ಕೆ ತಯಾರಿ ಮಾಡೋದು ಹೇಗೆ? ನಂದು ಬಿಕಾಂ ಕೊನೇ ವರ್ಷ. ಹೋದ ವರ್ಷ ಯೂನಿವರ್ಸಿಟಿ ಟೀಮಿಗೆ ಸ್ಟ್ಯಾಂಡ್‌ಬೈ ಆಗಿದ್ದೆ. ಈ ವರ್ಷದ ಸೆಲೆಕ್ಷನ್ ಮುಂದಿನ ತಿಂಗಳು. ಹಾಗಾಗಿ ಈ ಲೆಕ್ಕ ಮೊದಲು ನಂಗೇ ಬೇಕು. ಜೊತೆಗೆ ನೀನೂ ಓದು. ಸೇವ್ ಮಾಡ್ಕೋ. ಬೈಬೇಕು ಅನ್ನಿಸಿದ್ರೆ ಡಿಎಂ ಮಾಡು.

2/10

ಮೊದಲು ಕನಸಿನ ಅಡ್ರೆಸ್ ಸರಿಯಾಗಿ ಬರ್ಕೊಳ್ಳೋಣ.

ರೀಲ್ಸ್ ನೋಡಿ ನೋಡಿ ನಮಗೆಲ್ಲ ಪ್ರೊಫೆಷನಲ್ ಅಂದ್ರೆ ಎನ್‌ಬಿಎ. ಅಲ್ಲಿಯ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿ, ರೈತರ ಮನೆ, 7 ಅಡಿ 2 ಇಂಚು. 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ಅವರನ್ನ 52ನೇ ಆಯ್ಕೆಯಾಗಿ ತಗೊಂಡ್ತು. ಆದ್ರೆ ಎನ್‌ಬಿಎ ಲೀಗಿನ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಫಾರ್ವರ್ಡ್ ಅಮ್‌ಜ್ಯೋತ್ ಸಿಂಗ್ 2017ರಲ್ಲಿ ಅಲ್ಲಿಯ ಕೆಳಹಂತದ ಲೀಗಿನ ಒಕ್ಲಹೋಮ ಸಿಟಿ ಬ್ಲೂ ತಂಡ ಸೇರಿದ್ರು. ಇನ್ನೊಬ್ಬ ಫಾರ್ವರ್ಡ್ ಪ್ರಿನ್ಸ್‌ಪಾಲ್ ಸಿಂಗ್ 2020-21ರಲ್ಲಿ ಜಿ ಲೀಗ್ ಇಗ್ನೈಟ್ ತಂಡದಲ್ಲಿದ್ರು. ಇವರೆಲ್ಲ ಆರೂವರೆ ಅಡಿ ದಾಟಿದವರು. ನಾನು, ನೀನು ಆ ಸಾಲಿನವರಲ್ಲ. ಇದು ಬೇಜಾರಿನ ಮಾತಲ್ಲ, ಅಳತೆಯ ಮಾತು.

ನಮ್ಮ ದೇಶದಲ್ಲಿ ಏನಿದೆ? ಲೀಗುಗಳು ಬಂದಿವೆ, ಹೋಗಿವೆ. 2015ರಲ್ಲಿ ಯುಬಿಎ ಶುರುವಾಯ್ತು, ಅದರಲ್ಲಿ ಬೆಂಗಳೂರು ಬೀಸ್ಟ್ ಅನ್ನೋ ತಂಡ ಇತ್ತು. ಕೆಲವು ಸೀಸನ್ ಆಗಿ ನಿಂತ್ತು. 2022ರಲ್ಲಿ ಐಎನ್‌ಬಿಎಲ್ ಬಂತು, ಆರು ನಗರಗಳ ತಂಡ, ಅದರಲ್ಲಿ ಬೆಂಗಳೂರು ಕಿಂಗ್ಸ್. ಆದ್ರೆ ವರ್ಷವಿಡೀ ಸಂಬಳ ಕೊಟ್ಟು ಆಡಿಸೋದು ಯಾರು ಅಂತ ನೋಡಿದ್ರೆ ಹಳೇ ಹೆಸರುಗಳೇ ಸಿಗ್ತವೆ: ರೈಲ್ವೆ, ಸೇನೆ, ಒಎನ್‌ಜಿಸಿ, ಆದಾಯ ತೆರಿಗೆ, ಬ್ಯಾಂಕು. ನಮ್ಮ ರಾಜ್ಯದಲ್ಲಿ ವಿಜಯಾ ಬ್ಯಾಂಕ್ ಟೀಮಿಗೆ ದೊಡ್ಡ ಹೆಸರಿತ್ತು. 2019ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಆಯ್ತು.

ಭಾರತದ ಬಾಸ್ಕೆಟ್‌ಬಾಲ್ ವೃತ್ತಿ ಅಂದ್ರೆ ಹೆಚ್ಚಿನವರಿಗೆ ಇದೇ: ಒಂದು ಇಲಾಖೆಯ ನೌಕರಿ, ಅದರ ಜೊತೆಗೆ ಆಟ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇರೋದು ಹುಬ್ಬಳ್ಳಿಯಲ್ಲಿ. ನಮ್ಮ ಮೂರು ತಾಲೂಕಲ್ಲಿ ರೈಲು ಹಳಿಯೇ ಇಲ್ಲ, ಸಿದ್ದಾಪುರದವರು ರೈಲು ನೋಡೋಕೆ ತಾಳಗುಪ್ಪಕ್ಕೆ ಹೋಗ್ಬೇಕು. ಆದ್ರೂ ನಮ್ಮ ಕನಸಿನ ಹತ್ತಿರದ ಸ್ಟೇಷನ್ ರೈಲ್ವೆದೇ.

3/10

ಅಲ್ಲಿಗೆ ಹತ್ತೋ ಮೆಟ್ಟಿಲು ಯಾವುದು? ಬಿಕಾಂನವನಾಗಿ ನಂಗೆ ಸರ್ಕ್ಯುಲರ್ ಓದೋ ಚಟ ಇದೆ, ಹಾಗಾಗಿ ಹೇಳ್ತೀನಿ.

ನಮ್ಮ ಕಾಲೇಜುಗಳು ಇರೋದು ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡದ ಕೆಳಗೆ. ಅಂತರ ಕಾಲೇಜು ಟೂರ್ನಿಯಲ್ಲಿ ಕಣ್ಣಿಗೆ ಬಿದ್ದವರಿಗೆ ಸೆಲೆಕ್ಷನ್ ಟ್ರಯಲ್. ಅಲ್ಲಿ ಪಾಸಾದ್ರೆ 'ಯೂನಿವರ್ಸಿಟಿ ಬ್ಲೂ'. ಆಮೇಲೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ. ಅಲ್ಲಿ ಮೇಲೆ ಬಂದ ತಂಡಗಳಿಗೆ ಅಖಿಲ ಭಾರತ ಮಟ್ಟ. ಇದರ ಮೇಲೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್, 2020ರಲ್ಲಿ ಭುವನೇಶ್ವರದಲ್ಲಿ ಶುರುವಾಗಿ 2022ರಲ್ಲಿ ಬೆಂಗಳೂರಿಗೆ ಬಂದಿತ್ತಲ್ಲ, ಅದು.

ಬ್ಲೂ ಅಂದ್ರೆ ಬರೀ ಬ್ಲೇಜರ್ ಹಾಕ್ಕೊಂಡು ಫೋಟೋ ಹಾಕೋದಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನಿಯಮದಲ್ಲಿ, ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನ ಪ್ರತಿನಿಧಿಸಿದವರೂ ಅರ್ಹರ ಪಟ್ಟಿಯಲ್ಲಿ ಬರ್ತಾರೆ. ಅದಕ್ಕೆ 'ಫಾರ್ಮ್ 3' ಅಂತ ಒಂದು ಪ್ರಮಾಣಪತ್ರದ ನಮೂನೆ ಇದೆ. ರೈಲ್ವೆ ತನ್ನ ಹುದ್ದೆಗಳಿಗೆ ಇನ್ನೂ ಬಿಗಿ ಷರತ್ತು ಹಾಕ್ತದೆ, ಬರೀ ಆಡಿದ್ರೆ ಸಾಲದು, ಎಷ್ಟನೇ ಸ್ಥಾನ ಅಂತಾನೂ ಕೇಳ್ತದೆ. ಅಧಿಸೂಚನೆ ಬಂದಾಗ ವಾಟ್ಸಾಪ್ ಫಾರ್ವರ್ಡ್ ನಂಬಬೇಡ, ಪಿಡಿಎಫ್ ಓದು. ಆಡಿದ ಪ್ರತಿ ಟೂರ್ನಿಯ ಸರ್ಟಿಫಿಕೇಟ್ ಆ ವಾರವೇ ಕೈಗೆ ತಗೊಂಡು ಸ್ಕ್ಯಾನ್ ಮಾಡಿಡು. ಮೂರು ವರ್ಷ ಆದ ಮೇಲೆ ಹುಡುಕೋಕೆ ಹೋದ್ರೆ ಸರ್ ಟ್ರಾನ್ಸ್‌ಫರ್ ಆಗಿರ್ತಾರೆ, ಕಪಾಟಿನ ಕೀ ಅವರ ಜೊತೆ ಹೋಗಿರ್ತದೆ.

ಹುಡುಗಿಯರಿಗೆ ಒಂದು ಮಾತು. ಸೀನಿಯರ್ ನ್ಯಾಷನಲ್ಸ್‌ನ ಮಹಿಳಾ ವಿಭಾಗದಲ್ಲಿ ವರ್ಷಗಳಿಂದ ರೈಲ್ವೇಸ್ ತಂಡದ್ದೇ ಯಜಮಾನಿಕೆ. ಅಂದ್ರೆ ಒಳ್ಳೇ ಆಟಗಾರ್ತಿಯರಿಗೆ ಅಲ್ಲಿ ನೌಕರಿ ಸಿಕ್ಕಿದೆ ಅಂತ ಅರ್ಥ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನ 75-73ರಲ್ಲಿ ಸೋಲಿಸಿ ಏಷ್ಯಾ ಕಪ್ ಬಿ ಡಿವಿಜನ್ ಗೆದ್ದಿದ್ರು. ಎರಡೇ ಪಾಯಿಂಟ್ ಅಂತರ. ಮುಂದಿನ ಕ್ಯಾಪ್ಶನ್‌ಗಳೆಲ್ಲ ನಿಮಗೂ ಸೇರಿದ್ದು.

4/10

ಈಗ ಅಡಿಕೆ ವಿಷಯ. ನಗಬೇಡ, ಸಂಬಂಧ ಇದೆ.

ಒಂದೇ ತೋಟ, ಒಂದೇ ಮರ. ಕಾಯಿ ಹಸಿರಿದ್ದಾಗ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದ್ರೆ ಕೆಂಪಡಿಕೆ. ಹಣ್ಣಾಗೋ ತನಕ ಬಿಟ್ಟು, ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿದ್ರೆ ಚಾಲಿ. ಟೆಂಡರಿಗೆ ಹೋದಾಗ ಎರಡಕ್ಕೂ ಬೇರೆ ಬೇರೆ ರಾಶಿ, ಬೇರೆ ಬೇರೆ ದರ. ಮರಕ್ಕೆ ಅದು ಗೊತ್ತಿಲ್ಲ. ಸಂಸ್ಕರಣೆ ಮಾಡಿದವ್ರಿಗೆ ಗೊತ್ತು.

ಫಾರ್ವರ್ಡ್ ಕೂಡ ಹಾಗೇ. ಕಾಲೇಜು ಮಟ್ಟದಲ್ಲಿ ನಮ್ಮನ್ನ ಒಂದೇ ರೀತಿ ಸಂಸ್ಕರಣೆ ಮಾಡ್ತಾರೆ: 'ಡಿ' ಒಳಗೆ ನಿಲ್ಲು, ರಿಂಗಿಗೆ ಬೆನ್ನು ಹಾಕು, ಬಾಲ್ ಬಂದ್ರೆ ತಿರುಗಿ ಹಾಕು, ತಪ್ಪಿದ್ರೆ ರಿಬೌಂಡ್ ಹಿಡಿ. ಎದುರಾಳಿ 5 ಅಡಿ 7 ಇಂಚು ಇದ್ದಾಗ ಇದು ಚೆನ್ನಾಗೇ ನಡೀತದೆ. ಪಂದ್ಯಕ್ಕೆ 15 ಪಾಯಿಂಟ್ ಬರ್ತದೆ, ಪೇಪರಲ್ಲಿ ಹೆಸರು ಬರ್ತದೆ. ಎದುರಾಳಿ 6 ಅಡಿ 4 ಇಂಚು ಆದ ದಿನ ಆ ಮಾಲಿಗೆ ಖರೀದಿದಾರನೇ ಇಲ್ಲ.

ಹೋದ ವರ್ಷದ ಟ್ರಯಲ್‌ನಲ್ಲಿ ಗಮನಿಸಿದ್ದು ಇದು. ಸೆಲೆಕ್ಟರ್‌ಗಳು ಉದ್ದ ಇದ್ದವರ ಕೈಯಲ್ಲಿ ರಿಬೌಂಡ್ ಹಿಡಿಸಲೇ ಇಲ್ಲ. ಎಡಗೈಯಲ್ಲಿ ಡ್ರಿಬಲ್ ಮಾಡ್ತಾ ಕೋರ್ಟಿನ ಈ ತುದಿಯಿಂದ ಆ ತುದಿಗೆ ಹೋಗಿ ಅಂದ್ರು. 28 ಮೀಟರ್. ಆಮೇಲೆ ಮೂಲೆಯಲ್ಲಿ ನಿಲ್ಲಿಸಿ ಹತ್ತು ಶಾಟ್. ಕೊನೇಗೆ ಚಿಕ್ಕ, ಚುರುಕಿನ ಗಾರ್ಡ್ ಒಬ್ಬನನ್ನ ಎದುರಿಗೆ ಬಿಟ್ಟು "ಇವನನ್ನ ತಡಿ" ಅಂದ್ರು. ಮೂರೂ ಪರೀಕ್ಷೆಯ ಹಿಂದಿನ ಪ್ರಶ್ನೆ ಒಂದೇ: ರಿಂಗ್ ಕೆಳಗಿಂದ ನಿನ್ನನ್ನ ಹೊರಗೆ ತಂದ್ರೆ ನೀನು ಆಟಗಾರನಾ, ಬರೀ ಕಂಬನಾ?

ಆ ಪ್ರಶ್ನೆಗೆ ತಯಾರಾಗೋದೇ ಇಡೀ ಕೆಲಸ. ಮುಂದಿನದ್ದೆಲ್ಲ ಅದರ ವಿವರ.

5/10

ಒಬ್ಬನ ಕಥೆ ಕೇಳು. ಹೆಸರು ಪಿ.ಜೆ. ಟಕರ್. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಫಾರ್ವರ್ಡ್. ಎತ್ತರ 6 ಅಡಿ 5 ಇಂಚು, ನಮಗೆ ಉದ್ದ, ಅಲ್ಲಿಯ ಫಾರ್ವರ್ಡ್‌ಗಳಲ್ಲಿ ಗಿಡ್ಡ. ಕಾಲೇಜಲ್ಲಿ ಅವನ ಪಾಯಿಂಟ್ ಬಹುಪಾಲು ರಿಂಗ್ ಹತ್ತಿರದಿಂದಲೇ, ಅಂದ್ರೆ ನಮ್ಮ ಹಾಗೇ. 2006ರಲ್ಲಿ ಟೊರಾಂಟೊ ಅವನನ್ನ 35ನೇ ಆಯ್ಕೆಯಾಗಿ ತಗೊಂಡ್ತು. ಒಂದು ಸೀಸನ್, 17 ಪಂದ್ಯ, ಆಮೇಲೆ ಮನೆಗೆ ಹೋಗು ಅಂದ್ರು.

ಅವನು ಮನೆಗೆ ಹೋಗಲಿಲ್ಲ. ಇಸ್ರೇಲಿಗೆ ಹೋದ, ಅಲ್ಲಿ ಹಪೋಯೆಲ್ ಹೊಲೊನ್ ತಂಡದ ಜೊತೆ 2008ರಲ್ಲಿ ಚಾಂಪಿಯನ್ ಆದ. ಯುರೋಪಿನ ಬೇರೆ ಬೇರೆ ದೇಶದಲ್ಲಿ ಆಡಿದ. 2012ರಲ್ಲಿ ಜರ್ಮನಿಯ ಬಾಂಬರ್ಗ್ ಜೊತೆ ಮತ್ತೆ ಚಾಂಪಿಯನ್. ಅದೇ ವರ್ಷ, 27ನೇ ವಯಸ್ಸಿಗೆ, ಫೀನಿಕ್ಸ್ ಸನ್ಸ್ ಮೂಲಕ ಎನ್‌ಬಿಎಗೆ ವಾಪಸ್. ಈ ಸಲ ಅವನ ಕೆಲಸವೇ ಬೇರೆ: ಎದುರಾಳಿ ತಂಡದ ಅತ್ಯುತ್ತಮ ಆಟಗಾರನನ್ನ ಕಾಯೋದು, ಬಾಲ್ ನಮ್ಮ ಕಡೆ ಇದ್ದಾಗ ಮೂಲೆಯಲ್ಲಿ ನಿಂತು ತ್ರೀ ಹಾಕೋದು. 2021ರಲ್ಲಿ ಮಿಲ್ವಾಕೀ ಬಕ್ಸ್ ಜೊತೆ ಎನ್‌ಬಿಎ ಚಾಂಪಿಯನ್ ಆದಾಗ ಅವನಿಗೆ 36 ವರ್ಷ.

ಡ್ರೇಮಂಡ್ ಗ್ರೀನ್ ಕೂಡ 35ನೇ ಆಯ್ಕೆಯೇ, 2012ರಲ್ಲಿ. ಕಾಲೇಜಲ್ಲಿ ನಾಲ್ಕೂ ವರ್ಷ ಓದಿ ಬಂದವನು, 6 ಅಡಿ 6 ಇಂಚು. ಪಾಸ್ ಮಾಡೋಕೆ ಬರೋ, ಗಾರ್ಡ್‌ನಿಂದ ಸೆಂಟರ್ ತನಕ ಯಾರನ್ನ ಬೇಕಾದ್ರೂ ಕಾಯೋ ಫಾರ್ವರ್ಡ್. 2017ರಲ್ಲಿ ಲೀಗಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಅವನದ್ದು.

ಇವರಿಬ್ಬರೂ ಕಾಲೇಜು ಮುಗಿದ ಮೇಲೆ ಒಂದಿಂಚೂ ಬೆಳೆದಿಲ್ಲ. ಕಾಲೇಜಲ್ಲಿ ಹೆಸರು ತಂದ ಕೆಲಸ ಒಂದು, ಸಂಬಳ ತಂದ ಕೆಲಸ ಇನ್ನೊಂದು. ಮೇಲಿನ ಮಟ್ಟದಲ್ಲಿ ನಿನ್ನ ಟೀಮಿಗೆ ನಿನಗಿಂತ ಚೆನ್ನಾಗಿ ಸ್ಕೋರ್ ಮಾಡೋರು ಇದ್ದೇ ಇರ್ತಾರೆ. ಅವರು ಮಾಡೋಕೆ ಇಷ್ಟಪಡದ ಕೆಲಸ ಯಾವುದು, ಅದನ್ನ ನೀನು ಚೆನ್ನಾಗಿ ಮಾಡ್ತೀಯಾ? ಜಾಗ ಸಿಗೋದು ಅಲ್ಲಿ.

6/10

ಈಗ ಪ್ರಾಕ್ಟೀಸ್. ಮೊದಲನೇದು ಶಾಟ್.

ಫಿಬಾ ಕೋರ್ಟಿನಲ್ಲಿ ತ್ರೀ ಪಾಯಿಂಟ್ ಗೆರೆ 6.75 ಮೀಟರ್ ದೂರ. ಎರಡೂ ಮೂಲೆಯಲ್ಲಿ ಮಾತ್ರ 6.60 ಮೀಟರ್. ಮೂಲೆಯ ತ್ರೀ ಸ್ವಲ್ಪ ಹತ್ತಿರ, ಫಾರ್ವರ್ಡ್‌ಗೆ ಅದೇ ಮೊದಲ ಅಂಗಡಿ. ಆದ್ರೆ ನೇರ ಅಲ್ಲಿಗೆ ಹೋಗಿ ಎಸೀಬೇಡ. ರಿಂಗಿನಿಂದ ಎರಡು ಹೆಜ್ಜೆ ದೂರದಲ್ಲಿ ಒಂದೇ ಕೈಯಲ್ಲಿ 50. ಮೊಣಕೈ ರಿಂಗಿನ ಕಡೆ, ಮಣಿಕಟ್ಟು ಕೊನೇಗೆ ಪೂರ್ತಿ ಬಾಗಬೇಕು. ಆಮೇಲೆ ಫ್ರೀ ಥ್ರೋ. ಆಮೇಲೆ ಮೂಲೆ. ಬಲ ಕಾಲಿಂದ ಬರೋದು, ಎಡ ಕಾಲಿಂದ ಬರೋದು, ನಿಂತಲ್ಲೇ ಹಿಡಿಯೋದು, ಮೂರೂ ಬೇರೆ ಬೇರೆ ಶಾಟ್.

ಲೆಕ್ಕ ಇಡು. ನಂದು ಒಂದು ಉದ್ದ ಪುಸ್ತಕ, ಅಪ್ಪನ ಹಳೇ ಅಡಿಕೆ ಲೆಕ್ಕದ್ದು, ಅರ್ಧ ಖಾಲಿ ಇತ್ತು. ತಾರೀಕು, ಜಾಗ, ಎಸೆದದ್ದು, ಬಿದ್ದದ್ದು. ಹೋದ ಅಕ್ಟೋಬರಿನಲ್ಲಿ ಎಡ ಮೂಲೆಯಿಂದ 100ಕ್ಕೆ 24. ಫೆಬ್ರವರಿಗೆ 38. ಈ ನವೆಂಬರಿನಲ್ಲಿ 41. ಬಲ ಮೂಲೆ ಇನ್ನೂ 33ರಲ್ಲೇ ಇದೆ. ಪುಸ್ತಕ ಇಲ್ಲದಿದ್ರೆ "ಎರಡೂ ಕಡೆ ಚೆನ್ನಾಗಿ ಬೀಳ್ತದೆ" ಅಂತ ನಾನೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ.

ಇನ್ನೊಂದು ವಿಷಯ. ದಣಿದಾಗಿನ ಲೆಕ್ಕ ಬೇರೆ ಕಾಲಂನಲ್ಲಿ ಬರೀ. ಕೋರ್ಟಿನ ಉದ್ದಕ್ಕೆ ನಾಲ್ಕು ಸಲ ಓಡಿ, ಬಂದು, ಉಸಿರು ಸರಿಯಾಗೋ ಮೊದಲೇ 10 ಶಾಟ್. ನಂದು 41 ಇದ್ದದ್ದು ಇಲ್ಲಿ 30ರ ಹತ್ತಿರ ಬರ್ತದೆ. ಪಂದ್ಯದಲ್ಲಿ ನೀನು ಎಸೆಯೋದು ಇದೇ ಸ್ಥಿತಿಯಲ್ಲಿ, ಹಾಗಾಗಿ ನಿನ್ನ ನಿಜವಾದ ಬ್ಯಾಲೆನ್ಸ್ ಕೂಡ ಇದೇ. ಮೊದಲನೇದು ಬರೀ ಒಟ್ಟು ಲಾಭ, ಇದು ನಿವ್ವಳ.

7/10

ಎರಡನೇದು ಎಡಗೈ. ಹಲ್ಲುಜ್ಜೋದು, ಬಾಗಿಲು ತೆಗೆಯೋದು, ಬೈಕ್ ಕೀ ತಿರುಗಿಸೋದು, ಎಲ್ಲ ಎಡಗೈಯಲ್ಲಿ ಮಾಡು ಅಂತ ನಮ್ಮ ಸೀನಿಯರ್ ಒಬ್ರು ಹೇಳಿದ್ರು. ನಗು ಬಂದಿತ್ತು. ಆರು ತಿಂಗಳಾದ ಮೇಲೆ ಎಡಗೈ ಲೇಅಪ್ ಹಾಕುವಾಗ ಕೈ ನಂದೇ ಅನ್ನಿಸ್ತು. ರಿಬೌಂಡ್ ಹಿಡಿದ ಫಾರ್ವರ್ಡ್ ಗಾರ್ಡ್‌ಗಾಗಿ ಕಾಯದೆ ತಾನೇ ಬಾಲ್ ತಗೊಂಡು ಓಡಿದ್ರೆ ಎದುರಿನವರು ಸಾಲು ಕಟ್ಟೋಕೆ ಮೊದಲೇ ಎರಡು ಪಾಯಿಂಟ್ ಆಗಿರ್ತದೆ.

ಮೂರನೇದು ಪಾದ. ಮೂಲೆಯಲ್ಲಿ ಶೂಟರ್ ಕೈಗೆ ಬಾಲ್ ಬಂತು, ನೀನು ಒಳಗಿಂದ ಓಡಿ ಹೋಗಿ ಅವನ ಮುಂದೆ ನಿಲ್ಲಬೇಕು. ಕೊನೇ ಎರಡು ಮೀಟರ್ ಚಿಕ್ಕ ಚಿಕ್ಕ ಹೆಜ್ಜೆ, ಸೊಂಟ ಕೆಳಗೆ, ಒಂದು ಕೈ ಮೇಲೆ. ದೊಡ್ಡ ಹೆಜ್ಜೆ ಹಾಕಿ ಹಾರಿದ್ರೆ ಅವನು ಪಕ್ಕದಿಂದ ಆರಾಮಾಗಿ ಹೋಗ್ತಾನೆ. ಹಗ್ಗದಾಟ ದಿನಕ್ಕೆ ಹತ್ತು ನಿಮಿಷ. ಪಕ್ಕಕ್ಕೆ ಜಾರೋ ಹೆಜ್ಜೆ ಹತ್ತು ನಿಮಿಷ. ಬೋರಿಂಗ್, ಆದ್ರೆ ರೈಲ್ವೆ ಸೆಲೆಕ್ಟರ್ ನೋಡೋದು ನಿನ್ನ ಪಾದವನ್ನ, ನಿನ್ನ ರೀಲ್ಸ್‌ನಲ್ಲ.

ನಾಲ್ಕನೇದು ರಿಬೌಂಡ್. ಇದನ್ನ ಬಿಡು ಅಂತ ನಾ ಹೇಳಿಲ್ಲ. ಬಾಲ್ ಗಾಳಿಯಲ್ಲಿದ್ದಾಗ ಮೇಲೆ ನೋಡೋಕೆ ಮೊದಲು ನಿನ್ನ ಎದುರಾಳಿ ಎಲ್ಲಿ ಅಂತ ನೋಡು, ಬೆನ್ನು ಅವನ ಎದೆಗೆ ತಾಗಲಿ, ಆಮೇಲೆ ಬಾಲ್. ಡೆನಿಸ್ ರಾಡ್‌ಮನ್ 6 ಅಡಿ 7 ಇಂಚಿನಲ್ಲಿ ಏಳಡಿಯವರ ನಡುವೆ 1992ರಿಂದ 1998ರ ತನಕ ಸತತ ಏಳು ಸಲ ಎನ್‌ಬಿಎ ರಿಬೌಂಡ್ ಪಟ್ಟಿಯ ಮೇಲಿದ್ದ. ಬಾಲ್ ಎಲ್ಲಿ ಬೀಳ್ತದೆ ಅಂತ ಓದೋದೂ ಒಂದು ವಿದ್ಯೆ.

ನಾವು ಮೂರೇ ಜನ, ಇರೋದು ಒಂದೇ ರಿಂಗ್ ಅಂತ ಕೊರಗ್ತೀಯಾ? ಅದಕ್ಕೂ ಒಂದು ಆಟ ಇದೆ, 3x3. ಟೋಕಿಯೊ ಒಲಿಂಪಿಕ್ಸ್‌ನಿಂದ ಅದು ಒಲಿಂಪಿಕ್ ಆಟ. ಅರ್ಧ ಕೋರ್ಟ್, 10 ನಿಮಿಷ ಅಥವಾ ಮೊದಲು 21 ಪಾಯಿಂಟ್, ಶಾಟ್ ಹಾಕೋಕೆ ಬರೀ 12 ಸೆಕೆಂಡ್. ಅಲ್ಲಿ ಕಂಬಕ್ಕೆ ಜಾಗವೇ ಇಲ್ಲ. ಎಲ್ಲ ಕೆಲಸ ಬರೋ ಫಾರ್ವರ್ಡ್‌ಗೆ ಅದಕ್ಕಿಂತ ಒಳ್ಳೇ ಶಾಲೆ ಇಲ್ಲ.

8/10

ನಮ್ಮ ಊರಿನ ಅಡಚಣೆ ನಮ್ಮ ಊರಿನವರಿಗೇ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೋರ್ಟ್ ಅಂದ್ರೆ ಪಾಚಿ. ಕಾಲಿಟ್ರೆ ಯಕ್ಷಗಾನ. ಅಕ್ಟೋಬರಿನಲ್ಲಿ ಪೊರಕೆ, ಬ್ಲೀಚಿಂಗ್ ಪೌಡರ್ ಹಿಡ್ಕೊಂಡು ನಾವೇ ತಿಕ್ಕಬೇಕು. ಬೆಂಗಳೂರಿನ ಹುಡುಗ ಆ ನಾಲ್ಕು ತಿಂಗಳು ಒಳಾಂಗಣದಲ್ಲಿ ಆಡ್ತಾನೆ.

ಹಾಗಾಗಿ ಮಳೆಗಾಲಕ್ಕೆ ಬೇರೆ ಸಿಲಬಸ್. ಜಗಲಿಯಲ್ಲಿ ಡ್ರಿಬಲ್ (ಆಯಿ ಮಲಗೋ ಹೊತ್ತು ಬಿಟ್ಟು). ಮಲಗಿಕೊಂಡು ಬಾಲನ್ನ ಮೇಲಕ್ಕೆ ಎಸೆದು ಹಿಡಿಯೋದು, ಅದು ಮಣಿಕಟ್ಟಿಗೆ. ಸ್ಕ್ವಾಟ್, ಪುಶಪ್, ಒಂದೇ ಕಾಲಲ್ಲಿ ಕೂತು ಏಳೋದು. ಜೊತೆಗೆ ಹಳೇ ಪಂದ್ಯಗಳ ವಿಡಿಯೋ: ಬಾಲ್ ನೋಡಬೇಡ, ಒಬ್ಬ ಫಾರ್ವರ್ಡನ್ನ ಆರಿಸ್ಕೊಂಡು ಬಾಲ್ ಇಲ್ಲದಾಗ ಅವನು ಏನು ಮಾಡ್ತಾನೆ ಅಂತ ಮಾತ್ರ ನೋಡು.

ಮಂಡಿ ಬಗ್ಗೆ. ನಮ್ಮದು ಕಾಂಕ್ರೀಟ್ ಕೋರ್ಟ್, ಮರದ ನೆಲ ಅಲ್ಲ. ಹಾರೋದು ಎಲ್ಲರೂ ಕಲಿಸ್ತಾರೆ, ಇಳಿಯೋದು ಯಾರೂ ಕಲಿಸಲ್ಲ. ಎರಡೂ ಪಾದದ ಮೇಲೆ, ಮಂಡಿ ಬಗ್ಗಿಸಿ, ಸದ್ದಾಗದ ಹಾಗೆ ಇಳಿ. ಮಂಡಿ ಒಳಗೆ ವಾಲಬಾರದು. ನೋವಿದ್ರೆ ಸ್ಪ್ರೇ ಹೊಡ್ಕೊಂಡು ಆಡೋದು ಹೀರೋಯಿಸಂ ಅಲ್ಲ. ಡಾಕ್ಟರಿಗೆ ತೋರಿಸು.

ಊಟ. ನಮ್ಮನೇಲಿ ಮೊಟ್ಟೆ ಇಲ್ಲ. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಅನ್ನ, ತಂಬುಳಿ. ರುಚಿಗೆ ಎರಡು ಮಾತಿಲ್ಲ, ಆದ್ರೆ ಮೈ ಕಟ್ಟೋಕೆ ಅಷ್ಟು ಸಾಲದು. ನೆನೆಸಿದ ಶೇಂಗಾ, ಮೊಳಕೆ ಹೆಸರುಕಾಳು, ಕಡಲೆ, ಹಾಲು, ಮೊಸರು ಸೇರಿಸಿದ್ದೀನಿ. ಡಬ್ಬಿಯ ಪೌಡರ್ ಬಗ್ಗೆ ಹುಷಾರು, ಒಳಗೆ ಏನಿದೆ ಅಂತ ಗೊತ್ತಿಲ್ಲದ ಡಬ್ಬಿ ಮುಟ್ಟಬೇಡ. ಮುಂದೆ ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ರೆ "ಅಂಗಡಿಯವ್ರು ಕೊಟ್ರು" ಅನ್ನೋ ಉತ್ತರ ನಡಿಯಲ್ಲ.

9/10

ಇದನ್ನ ಬರೀಬೇಕೋ ಬೇಡವೋ ಅಂತ ಯೋಚಿಸಿದೆ. ಅವನನ್ನೇ ಕೇಳಿದೆ, ಬರಿ ಅಂದ.

ನನ್ನ ಜೊತೆ ಆಡೋ ಇನ್ನೊಬ್ಬ ಫಾರ್ವರ್ಡ್ ಯಲ್ಲಾಪುರ ಕಡೆಯ ಸಿದ್ದಿ ಹುಡುಗ. ಅವನು ಚೆನ್ನಾಗಿ ಆಡಿದ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಂಗೇನಪ್ಪ, ಬಾಡಿಯಲ್ಲೇ ಇದೆ." ಹೊಗಳಿಕೆ ಅಂತಲೇ ಹೇಳ್ತಾರೆ. ಅವನು ನಂಗೆ ಹೇಳಿದ್ದು: "ನಾನು ಬೆಳಿಗ್ಗೆ ಐದಕ್ಕೆ ಎದ್ದು ಓಡಿದ್ದು ಯಾರಿಗೂ ಬ್ಯಾಡ ಮಾರಾಯ. ನಮ್ಮ ಅಜ್ಜನ ಅಜ್ಜ ಎಲ್ಲಿಂದ ಬಂದ ಅನ್ನೋದೇ ಎಲ್ಲರಿಗೂ ಬೇಕು."

ಇದು ಅವನೊಬ್ಬನ ಕಥೆಯಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 'ಸ್ಪೆಷಲ್ ಏರಿಯಾ ಗೇಮ್ಸ್' ಯೋಜನೆಯಲ್ಲಿ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನ ಆರಿಸಿ ದೂರದ ತರಬೇತಿ ಕೇಂದ್ರಗಳಿಗೆ ಕಳಿಸಿತ್ತು. ಪೂರ್ವಜರು ಆಫ್ರಿಕದಿಂದ ಬಂದವರು, ಪದಕ ಬರ್ತದೆ ಅನ್ನೋ ಲೆಕ್ಕ. ಕಮಲಾ ಸಿದ್ದಿ, ಜೂಜೆ ಜಾಕಿ ಹಾರ್ನೋಡ್ಕರ್ ಅಂಥವರು ಅಥ್ಲೆಟಿಕ್ಸ್‌ನಲ್ಲಿ ಹೆಸರು ಮಾಡಿದ್ರು. ಆಮೇಲೆ 1990ರ ದಶಕದಲ್ಲಿ ಸಿದ್ದಿಗಳ ಆ ಯೋಜನೆ ನಿಂತೇ ಹೋಯ್ತು. ಮಕ್ಕಳು ಊರಿಗೆ ವಾಪಸ್ ಬಂದ್ರು.

ನಂಗೆ ಕಾಣೋದು ಇಷ್ಟು. ಮೈಕಟ್ಟು ನೋಡಿ ಆರಿಸೋಕೆ ಒಂದು ದಿನ ಸಾಕು. ಆಟಗಾರ ಆಗೋಕೆ ಹತ್ತು ವರ್ಷ ಬೇಕು. ಆ ಹತ್ತು ವರ್ಷ ಕೋಚ್, ಊಟ, ಶೂ, ಬಸ್ ಚಾರ್ಜು, ಮುಂದೆ ಒಂದು ನೌಕರಿ, ಇದೆಲ್ಲ ನಿಲ್ಲದೆ ಸಿಗಬೇಕು. ಮಧ್ಯದಲ್ಲಿ ಕೈಬಿಟ್ರೆ ಯಾವ ರಕ್ತವೂ ಪದಕ ತರಲ್ಲ. ನನ್ನನ್ನ ರಿಂಗ್ ಕೆಳಗೆ ನಿಲ್ಲಿಸಿದ್ದೂ ಮೈ ನೋಡಿಯೇ, ಅವನನ್ನ ನಿಲ್ಲಿಸಿದ್ದೂ ಮೈ ನೋಡಿಯೇ. ಆದ್ರೆ ನಂಗೆ ಸಿಕ್ಕಿದ್ದು ಬರೀ ಒಂದು ಜಾಗ, ಅವನಿಗೆ ಜಾಗದ ಜೊತೆ ಒಂದು ಹಣೆಪಟ್ಟಿ. ಇನ್ಮುಂದೆ ಅವನು ಮೂಲೆಯಿಂದ ತ್ರೀ ಹಾಕಿದ್ರೆ "ಎಷ್ಟು ಪ್ರಾಕ್ಟೀಸ್ ಮಾಡಿದ್ಯೋ" ಅಂತ ಕೇಳಿ. ಉತ್ತರ ಇದೆ ಅವನ ಹತ್ರ. ಎಡ ಮೂಲೆಯಲ್ಲಿ ಅವನದ್ದು 46, ನನಗಿಂತ ಐದು ಜಾಸ್ತಿ.

10/10

ಕೊನೇದು ದುಡ್ಡು, ಮನೆ.

ಅಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ: "ಚೆಂಡು ಹಿಡ್ಕಂಡು ಹೋದ್ರೆ ಹೊಟ್ಟೆ ತುಂಬ್ತಾ ತಮಾ?" ಅಪ್ಪಂದಿರಿಗೆ ಕನಸು ಹೇಳಿದ್ರೆ ಭಯ ಆಗ್ತದೆ, ಲೆಕ್ಕ ಹೇಳಿದ್ರೆ ಕಿವಿ ಕೊಡ್ತಾರೆ. ನಾನು ಲೆಕ್ಕ ಹೇಳಿದೆ. ಒಂದು ವರ್ಷ ಆಟಕ್ಕೆ ಕೊಟ್ರೆ ಆ ವರ್ಷದ ಸಂಬಳ ಹೋಗ್ತದೆ, ಪುಸ್ತಕದಲ್ಲಿ ಅದಕ್ಕೆ ಅವಕಾಶ ವೆಚ್ಚ ಅಂತಾರೆ. ಶೂ ವರ್ಷಕ್ಕೆ ಎರಡು ಜೊತೆ, ₹8,000. ಹುಬ್ಬಳ್ಳಿ, ಧಾರವಾಡ ಓಡಾಟ ಬೇರೆ.

ನನ್ನ ಪ್ಲಾನ್: ಬಿಕಾಂ ಮುಗಿದ ಮೇಲೆ ಎಂಕಾಂ ಸೇರ್ತೀನಿ, ವಿದ್ಯಾರ್ಥಿಯಾಗಿದ್ರೆ ಮಾತ್ರ ಯೂನಿವರ್ಸಿಟಿಗೆ ಆಡೋಕೆ ಆಗೋದು. ಸಂಜೆ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಜಿಎಸ್‌ಟಿ ಎಂಟ್ರಿ ಕೆಲಸ, ಶೂ ಮತ್ತು ಬಸ್ಸಿನ ಖರ್ಚು ಅದರಲ್ಲಿ. ಗಡುವು ಒಂದು ಆರ್ಥಿಕ ವರ್ಷ, ಏಪ್ರಿಲ್ 1ರಿಂದ ಮಾರ್ಚ್ 31. ಅಷ್ಟರೊಳಗೆ ಮೂರರಲ್ಲಿ ಎರಡು ಆಗ್ಬೇಕು: ಯೂನಿವರ್ಸಿಟಿ ಬ್ಲೂ, ಯಾವುದಾದ್ರೂ ಇಲಾಖೆಯ ಟ್ರಯಲ್‌ಗೆ ಕರೆ, ದಣಿದಾಗಿನ ಮೂಲೆ ಶಾಟ್ 100ಕ್ಕೆ 40. ಆಗದಿದ್ರೆ ಬ್ಯಾಂಕ್ ಪರೀಕ್ಷೆ, ಆಟ ಭಾನುವಾರಕ್ಕೆ.

ಅಪ್ಪ ಪೂರ್ತಿ ಕೇಳಿ, "ಬರ್ದು ಕೊಡು. ಬಾಯಲ್ಲಿ ಹೇಳದು ಲೆಕ್ಕ ಅಲ್ಲ" ಅಂದ್ರು. ಬರೆದು ಸಹಿ ಹಾಕಿ ಕೊಟ್ಟೆ. ಅಡಿಕೆ ಪಟ್ಟಿ ಇಡೋ ಫೈಲಿನಲ್ಲಿ ಅದನ್ನ ಇಟ್ಟಿದ್ದಾರೆ. ಒಪ್ಪಿದ್ರಾ ಇಲ್ವಾ ಅಂತ ಇನ್ನೂ ಹೇಳಿಲ್ಲ. ಆದ್ರೆ ಆ ಫೈಲಿಗೆ ಸುಮ್ನೆ ಯಾವ ಕಾಗದವೂ ಹೋಗಲ್ಲ.

ನಿಂಗೆ ಹೇಳೋದೂ ಇಷ್ಟೇ. ಗಡುವು ಇಲ್ಲದ ಕನಸು ಮನೆಯವರ ಮೇಲೆ ಹಾಕೋ ಸಾಲ. ಗಡುವು ಹಾಕು, ಅಳತೆ ಹಾಕು, ಬರೆದು ಕೊಡು. ಸೆಲೆಕ್ಷನ್‌ನಲ್ಲಿ ನಮ್ಮಲ್ಲಿ ಒಬ್ಬನಿಗೇ ಜಾಗ ಇದ್ರೆ? ನಾವಿಬ್ಬರೂ ಅದನ್ನ ಮಾತಾಡಿದ್ದೀವಿ. ಯಾರು ಹೋದ್ರೂ ಇನ್ನೊಬ್ಬ ಆ ಡಿಸೆಂಬರ್ ಪೂರ್ತಿ ಅವನಿಗೆ ರಿಬೌಂಡ್ ಹಿಡಿದು ಬಾಲ್ ಕೊಡಬೇಕು ಅಂತ ಒಪ್ಪಂದ.

ಈ ಭಾನುವಾರ ಬೆಳಿಗ್ಗೆ 6ಕ್ಕೆ ಕೋರ್ಟ್ ಹತ್ರ ಬಾ. ಹುಡುಗಿಯರೂ ಬನ್ನಿ, ಪಿಯುಸಿ ಮಕ್ಕಳೂ ಬನ್ನಿ, ಎಷ್ಟು ಗಿಡ್ಡ ಇದ್ರೂ ಬನ್ನಿ. ಉತ್ತರದ ಕಡೆಯ ಮೂಲೆಯಲ್ಲಿ ಇನ್ನೂ ಸ್ವಲ್ಪ ಪಾಚಿ ಉಳಿದಿದೆ. ಬರುವಾಗ ಮನೆಯಿಂದ ಒಂದು ಪೊರಕೆ ತಗೊಂಡು ಬಾ.